ನಡುವೆ ಖಾಲಿ ಇರುವ ಹೆಸರು

ಕುತಾಯಿಸಿಯಲ್ಲಿ, ರಿಯೋನಿ ನದಿಯ ನೀರಳೆಯುವ ಕಚೇರಿಯಲ್ಲಿ
ನಮ್ಮದೊಂದು ಹಳೇ ಯಂತ್ರ. ಮೌಸ್ ಇಲ್ಲ.
ಇದ್ದದ್ದನ್ನು ಬಿದ್ಜಿನಾ ಯಾರಿಗೋ ಕೊಟ್ಟುಬಿಟ್ಟಿದ್ದ.
ಕಪ್ಪು ಪರದೆ, ಮಿಣುಕುವ ಒಂದು ಗೆರೆ.
ಹೆಸರು ಸರಿಯಾಗಿ ಹೇಳಿದರೆ ಬಾಗಿಲು,
ತಪ್ಪಿದರೆ ಗೋಡೆ.

ಕೆಲಸಕ್ಕೆ ಸೇರಿದ ಮೊದಲ ರಾತ್ರಿ
ತೋರಿಸು ಎಂದು ಟೈಪಿಸಿದೆ:
ಸಮುಷಾವೋ ಮಾಗಿದಾ.
ಅಂದರೆ ಕೆಲಸದ ಮೇಜು.
ಯಂತ್ರ ಎರಡು ಸಲ ತಲೆಯಾಡಿಸಿತು:
ಕೆಲಸ ಅನ್ನುವುದು ಇಲ್ಲಿಲ್ಲ.
ಮೇಜು ಅನ್ನುವುದು ಇಲ್ಲಿಲ್ಲ.

ಬಿದ್ಜಿನಾ ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟ.
"ನೆಸ್ತಾನ್, ನಡುವೆ ಖಾಲಿ ಬಿಟ್ಟೆಯಲ್ಲ,
ಅದಕ್ಕೆ ಖಾಲಿ ಅಂದರೆ ಹೆಸರು ಮುಗಿದ ಹಾಗೆ.
ನೀನು ಉಸಿರೆಳೆದುಕೊಂಡರೂ
ಬೇರೆ ಯಾರೋ ಬಂದರು ಅಂದುಕೊಳ್ಳುತ್ತೆ.
ಖಾಲಿಯ ಮುಂದೆ ಒಂದು ಓರೆಗೆರೆ ನಿಲ್ಲಿಸು,
ಕುಂಟನಿಗೆ ಕೋಲು ಕೊಟ್ಟ ಹಾಗೆ."

ಟಿಬಿಲಿಸಿಯಿಂದ ಯಂತ್ರ ನೋಡಲು ಬಂದ ಹುಡುಗ
ಬೂಟು ಕೂಡ ಒರೆಸದೆ ಹೇಳಿದ:
ಎಲ್ಲ ಹೆಸರೂ ಇಂಗ್ಲಿಷಿಗೆ ತಿರುಗಿಸಿಬಿಡಿ.
ಆಜ್ಞೆಗೊಂದು ಲಿಪಿ, ಹೆಸರಿಗೊಂದು ಲಿಪಿ,
ಸಾಲಿಗೆರಡು ಸಲ ಕೀಲಿಮಣೆ ಬದಲಿಸುತ್ತಾ
ಮುದುಕರಾಗುತ್ತೀರಿ.
"ಆಗಿದ್ದೇನೆ," ಅಂದ ಬಿದ್ಜಿನಾ.
"ಆಜ್ಞೆ ಯಾರದ್ದಾದರೂ ಆಗಲಿ. ಮೇಜು ನನ್ನದು."

ಹಾಗಂತ ಹಟಮಾರಿಯೇನಲ್ಲ.
ಉದ್ದ ಹೆಸರುಗಳಿಗೆಲ್ಲ ಒಂದೊಂದಕ್ಷರದ
ಅಡ್ಡಹೆಸರು ಕಟ್ಟಿಟ್ಟಿದ್ದ.
ಮ ಅಂದರೆ ಮೇಜಿಗೇ ಹೋಗುತ್ತಿತ್ತು ದಾರಿ,
ಪುಟ್ಟಿ ಅಂದರೂ ಪತ್ರದಲ್ಲಿ ಪೂರ್ತಿ ಹೆಸರೇ ಬರೆಯುವ ಹಾಗೆ.
ಚಮೋತ್ವಿರ್ತ್ವೆಬಿ ಎಂಬ ನಾಲಗೆ ಮುರಿಯುವುದಕ್ಕೆ
ಮೊದಲೆರಡು ಅಕ್ಷರ ಒತ್ತಿ ಟ್ಯಾಬ್ ತಟ್ಟಿದರೆ
ಉಳಿದದ್ದನ್ನು ಯಂತ್ರವೇ ಹೇಳಿ ಮುಗಿಸುತ್ತಿತ್ತು,
ನಲವತ್ತು ವರ್ಷ ಜೊತೆಗಿದ್ದ ಹೆಂಡತಿಯ ಹಾಗೆ,
ಕೆಲವೊಮ್ಮೆ ಅವಳ ಹಾಗೆಯೇ ತಪ್ಪಾಗಿ.

ಅವನವೇ ಕೋಶಗಳೂ ಇದ್ದವು:
ನಾಳೆ.
ನಾಳೆ2.
ನಾಳೆ_ಖಂಡಿತ.
ಚುಕ್ಕೆಯಿಂದ ಶುರುವಾಗುವ ಇನ್ನೊಂದು.
ಚುಕ್ಕೆಯಿಟ್ಟರೆ ಹೆಸರು ಪಟ್ಟಿಯಲ್ಲಿ ಕಾಣುವುದಿಲ್ಲ.
ಅವನು ಹೋದ ಮೇಲೆ ತೆರೆದು ನೋಡಿದೆ,
ಎದೆ ಸ್ವಲ್ಪ ಹೊಡೆದುಕೊಂಡಿತು.
ಪಗಡೆಯಲ್ಲಿ ನಮ್ಮ ಮೇಲಧಿಕಾರಿ ಸೋತ ಬಾಕಿ,
ಹನ್ನೆರಡು ವರ್ಷದ್ದು, ತಾರೀಖು ಸಮೇತ.

ಹೋದ ಅಂದರೆ ಪೋತಿಗೆ, ಮಗಳ ಮನೆಗೆ.
ಅಲ್ಲಿ ಸಮುದ್ರವಿದೆ, ಅಳೆಯುವ ಕೆಲಸವಿಲ್ಲ.

ಮನೆಗೆ ಮಾತ್ರ ಈ ಯಂತ್ರದಲ್ಲಿ ಹೆಸರೇ ಬೇಕಿಲ್ಲ.
ಒಂದು ಸಣ್ಣ ಅಲೆ ಬರೆದರೆ ಸಾಕು.
ಎಲ್ಲಿ ಕಳೆದುಹೋಗಿದ್ದರೂ ಮನೆ.
ನದಿಯವರಿಗೇ ಮಾಡಿದ್ದು ಇದು,
ಎಂದು ಅವನು ನಂಬಿದ್ದ. ನಾನು ತಿದ್ದಲಿಲ್ಲ.

ಕಳೆದ ವಾರ ಯಾರೋ ಯಂತ್ರದ ಭಾಷೆ ಬದಲಿಸಿದ್ದರು.
ಬೆಳಿಗ್ಗೆ ಬಂದಾಗ ಪರದೆಯ ಮೇಲೊಂದು ಪ್ರಶ್ನೆ:
ಕೋಶಗಳ ಹೆಸರನ್ನೂ ಹೊಸ ಭಾಷೆಗೆ ತಿರುಗಿಸಲೇ?
ಹಳೆಯವೇ ಇರಲೇ?
ಕೆಳಗೆ ಸಣ್ಣದೊಂದು ಚೌಕ:
ಇನ್ನು ಮುಂದೆ ಇದನ್ನು ಕೇಳಬೇಡ.

ಟ್ಯಾಬ್ ತಟ್ಟುತ್ತಾ ಹಳೆಯದರ ಮೇಲೆ ನಿಂತೆ, ಒತ್ತಿದೆ.
ಚೌಕ ಖಾಲಿ ಬಿಟ್ಟೆ.
ಕೇಳಲಿ.
ವರ್ಷಕ್ಕೊಮ್ಮೆಯಾದರೂ ಯಾರಾದರೂ ಕೇಳಬೇಕು.

ನೀರು ಎರಡು ಮೀಟರ್ ಹನ್ನೊಂದು.
ಬರೆದಿಟ್ಟಿದ್ದೇನೆ, ಮೇಜಿನ ಮೇಲೆ.