ದೂಳಿನ ಪದರ

ದುರ್ಗಿಗುಡಿಯಲ್ಲಿ, ಮೋಟಾರು ವೈಂಡಿಂಗ್ ಅಂಗಡಿಯ ಮೇಲಿನ ಕೋಣೆ.
ಹೆಡ್‌ಸೆಟ್ ಒಂದೇ, ಅದೂ ತಿಂಗಳ ಬಾಡಿಗೆಯದು.
ಅರುಳಪ್ಪ ಹಾಕಿಕೊಂಡಾಗ ನನಗೆ ಕಾಣುವುದು ಇಷ್ಟು:
ಖಾಲಿ ಮೇಜಿನ ಮೇಲೆ ಬಗ್ಗಿ
ಗಾಳಿಯಿಂದ ಏನನ್ನೋ ಚಿವುಟಿ ತೆಗೆದು
ಬೆಳಕಿಗೆ ಹಿಡಿದು ತಿರುಗಿಸುವ ಗಂಡಸು.
ನಾನು ಹಾಕಿಕೊಂಡಾಗ ಅವನು ನಗುತ್ತಾನೆ.

ಚಹಾ ತಂದ ಖಲಂದರ್ ಬಾಗಿಲಲ್ಲೇ ನಿಂತ:
‘ಏನ್ರೀ ಇದಕ್ಕೆ ಹೆಸರು?’
‘ಮಿಶ್ರ ವಾಸ್ತವ’ ಅಂದೆ, ಅರ್ಜಿಯಲ್ಲಿ ಬರೆದ ಹಾಗೆ.
‘ಬೆರಕೆ ಸೊಪ್ಪಿನ ಹಾಗಾ?’
ಹೌದು, ಹಾಗೇ. ಮೇಜು ನಿಜ, ಲೋಟ ನಿಜ,
ಲೋಟದ ಪಕ್ಕ ಬಿಚ್ಚಿಕೊಂಡು ಮಲಗಿದ ಕಂಪ್ಯೂಟರು ಮಾತ್ರ
ಕಟ್ಟಿನೊಳಗೆ ಸೇರಿಬಂದ, ಹೆಸರು ಗೊತ್ತಿಲ್ಲದ ಎಲೆ.

ನನ್ನ ಮೊದಲ ತಪ್ಪು ಕೆಲವೇ ಮಿಲಿಮೀಟರಿನದು.
ರ‍್ಯಾಮ್ ಪಟ್ಟಿಯ ಕಚ್ಚನ್ನು ಸರೀ ನಡುವೆ ಕೊರೆದಿದ್ದೆ,
ಚಂದ ಕಾಣಲಿ ಅಂತ.
ಅರುಳಪ್ಪ ವರ್ನಿಯರ್ ಹಿಡಿದು ಅಳೆದ, ತಲೆ ಅಲ್ಲಾಡಿಸಿದ:
‘ಅದು ಒಂದು ಕಡೆ ಸರಿದಿರೋದೇ ತಿರುಗಾ ಮುರುಗಾ ಕೂರಬಾರದು ಅಂತ.
ನೀವು ಚಂದ ಮಾಡಿದ್ರಿ, ಈಗ ಹೇಗೆ ಹಿಡಿದರೂ ಕೂರುತ್ತೆ.’
ಇಪ್ಪತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಅದೇ ಪಟ್ಟಿ ಸಿಕ್ಕಿಸಿದ್ದೇನೆ.
ಬೆರಳಿಗೆ ಗೊತ್ತಿತ್ತು.
ಮೌಸ್ ಹಿಡಿದ ಕೂಡಲೆ ಮರೆಯಿತು.

ಆಮೇಲೆ ಸದ್ದು.
ನಿಜದ ಪಟ್ಟಿ ಎದುರು ಒತ್ತುತ್ತೆ, ಹೆಬ್ಬೆರಳು ಬೆಳ್ಳಗಾಗುತ್ತೆ,
ಇನ್ನೇನು ಮುರಿದೇ ಹೋಯಿತು ಅನ್ನುವಾಗ ಟಕ್ ಅನ್ನುತ್ತೆ.
ನಮ್ಮದು ಬೆಣ್ಣೆಗೆ ಕಡ್ಡಿ ಚುಚ್ಚಿದ ಹಾಗೆ ಇಳಿಯಿತು.
ಒತ್ತಡ ಕೊಡಲಾಗದು; ಟಕ್ ಆದರೂ ಕೊಡೋಣ ಅಂತ
ರಾತ್ರಿ ಎರಡಕ್ಕೆ ಫ್ಯಾನು ಆರಿಸಿ ರೆಕಾರ್ಡು ಮಾಡಿದೆವು.
ಹದಿನೇಳನೆಯದು ಚೆನ್ನಾಗಿತ್ತು. ಅದರ ಹಿಂದೆ
ಬಸ್‌ಸ್ಟ್ಯಾಂಡಿನ ಕಡೆ ಹೊರಟ ಆಟೋ ಒಂದು ಸಣ್ಣಗೆ ಕೇಳುತ್ತೆ.
ಇರಲಿ ಬಿಡಿ ಅಂದ ಅರುಳಪ್ಪ.
ಅವನ ಅಪ್ಪ ಭದ್ರಾವತಿಯಲ್ಲಿ ಕುಲುಮೆಯ ಮುಂದೆ ನಿಂತವನು,
ಸದ್ದಿನಲ್ಲೇ ಕಾವು ಹೇಳುತ್ತಿದ್ದನಂತೆ.

ಕುಂಸಿಯ ಶಾಲೆ, ಏಳನೇ ತರಗತಿ.
ಮುಬೀನಾ ಹೆಡ್‌ಸೆಟ್ ಜಾರದಂತೆ ಎರಡೂ ಕೈಯಲ್ಲಿ ಹಿಡಿದು
ಬೆಂಚಿನ ಮೇಲೆ ತೇಲುವ ಪ್ರೊಸೆಸರ್ ಫ್ಯಾನಿನೊಳಗೆ ಇಣುಕಿದಳು.
ಭಾಗಗಳ ಹೆಸರು ಹೇಳುತ್ತಾಳೆ ಅಂತ ಕಾದೆವು.
‘ಮೇಡಂ, ದೂಳೆಲ್ಲಿ?’
ಆಫೀಸಿನ ಕಂಪ್ಯೂಟರು ಒರೆಸುವ ಪಾಳಿ, ಸೋಮವಾರ, ಅವಳದು.
ಅದರ ಬೆನ್ನಿನ ಜಾಲರಿಯಲ್ಲಿ ಇರುವೆಸಾಲು, ಹತ್ತಿಯಂಥ ದೂಳು,
ಒಳಗೆ ಹಲ್ಲಿಯ ಮೊಟ್ಟೆ. ರಿಪೇರಿಯವನು ಬಿಚ್ಚಿದಾಗ ಕಂಡಿದ್ದಾಳೆ.
‘ಇದು ಯಾರೂ ಬಳಸದ್ದು’ ಅಂದಳು, ದೂರುವ ಹಾಗಲ್ಲ,
ಅಂಗಡಿಯಲ್ಲಿ ಪಾತ್ರೆ ನೋಡಿ ಹೇಳುವ ಹಾಗೆ.
ಆದರೂ ಫೂ ಅಂತ ಊದಿದಳು. ರೆಕ್ಕೆ ಕದಲಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಮಾತಿಲ್ಲ.
ಆಯನೂರು ದಾಟಿದ ಮೇಲೆ ಅರುಳಪ್ಪ:
‘ದೂಳಿಗೇ ಒಂದು ಪದರ ಬೇಕು.’

ಐದು ವಾರ ದೂಳು ಮಾಡಿದೆವು.
ಬದುಕಿಡೀ ಗುಡಿಸಿದ್ದನ್ನು ಕಣಕಣ ತಂದು ಕೂರಿಸುವುದು!
ಅಮ್ಮ ಇದ್ದಿದ್ದರೆ ಪೊರಕೆ ಎಸೆಯುತ್ತಿದ್ದಳು.
ಮೊಟ್ಟೆ ಒಂದು ಸಾಕಲ್ಲವೇ ಅಂದೆ.
‘ಹಲ್ಲಿ ಎರಡಿಡುತ್ತೆ’ ಅಂದ, ಎರಡಿಟ್ಟ.
ಇನ್ನು ಮೈಕಿಗೆ ಉಸಿರು ಕಲಿಸಬೇಕು:
‘ಹೂಂ’ ಅಂದರೆ ಹಾರಬಾರದು, ‘ಹೂವು’ ಅಂದರೂ ಹಾರಬಾರದು,
ಫೂ ಅಂದರೆ ಹಾರಬೇಕು.
ಇನ್ನೂರು ಸಲ ಊದಿ ತಲೆ ತಿರುಗಿ ಕುಳಿತಿದ್ದಾಗ
ಕೆಳಗಿನಿಂದ ಖಲಂದರ್: ‘ಹಸಿ ಸೌದೆನಾ ಮೇಡಂ?’

ಮತ್ತೆ ಕುಂಸಿ. ಅದೇ ಬೆಂಚು.
ಮುಬೀನಾ ಈ ಸಲ ಏನೂ ಕೇಳಲಿಲ್ಲ.
ಬಗ್ಗಿ ನೋಡಿದಳು. ಮೊಟ್ಟೆಗಳಿಗೆ ಅಡ್ಡ ಅಂಗೈ ಹಿಡಿದಳು
(ಅದನ್ನು ನಾವು ಬರೆದಿರಲಿಲ್ಲ),
ಕೆನ್ನೆ ತುಂಬಿಕೊಂಡು ಊದಿದಳು.

ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಹುಡುಗ,
ಬರಿಗಣ್ಣಿನವನು,
ಫಕ್ಕನೆ ರೆಪ್ಪೆ ಮುಚ್ಚಿ, ತೋಳಿನಲ್ಲಿ ಮುಖ ಒರೆಸಿಕೊಂಡು ಗದರಿದ:
‘ಈ ಕಡೆ ಊದಬೇಡ್ವೇ.’