ನಾಯಿಯಿಲ್ಲದ ಮನೆ

ಹನ್ನೊಂದೂಮುಕ್ಕಾಲಿಗೆ ಫೋನು ಮಿನುಗಿತು:
"ಅಪ್ಪಾ, ನಾಯಿಗೆ ಊಟ ಹಾಕಿದೆಯಾ?"

ನಮ್ಮ ಮನೆಯಲ್ಲಿ ನಾಯಿಯಿಲ್ಲ.

ತಕ್ಷಣ ಕರೆಮಾಡಿ, ಅಲ್ಲಿದ್ದವರಿಗೆಲ್ಲ ಕೇಳಲೆಂದು,
ಊರಿನ ಅತಿ ಕೆಟ್ಟ ಅಪ್ಪನಂತೆ ಗದರಿದೆ:
"ಇಂಗ್ವಿಲ್, ಬಾಗಿಲಿಗೆ ಬಂದು ನಿಲ್ಲು, ಈಗಲೇ!"
ಪೈಜಾಮದ ಮೇಲೆ ಕೋಟು, ಲಾಡಿ ಕಟ್ಟದ ಬೂಟು,
ಹಾಮರ್‌ಫೆಸ್ಟಿನ ಬಂದರು ದಾಟುವಷ್ಟರಲ್ಲಿ
ಗಾಜಿನ ಮಂಜು ಎರಡು ಸಲ ಕೆರೆದೆ.

ಹತ್ತಿ ಕೂತಳು.
ಮೂಗಿನ ತುದಿ ಕೆಂಪು, ಜಾಕೆಟಿನ ತುಂಬ ಯಾರದೋ ಹೊಗೆ.
ಯಾರ ಮನೆ, ಯಾವ ಮಾತ್ರೆ, ನೀನೂ ನುಂಗಿದೆಯಾ —
ಎಲ್ಲವನ್ನೂ ಹಲ್ಲಿನ ಹಿಂದೆ ತಡೆದೆ.
ಬೆಳಗಿನ ತನಕ ಕೇಳೆನೆಂದು
ಅವಳ ಹದಿಮೂರನೇ ಹುಟ್ಟುಹಬ್ಬಕ್ಕೆ ಮಾತು ಕೊಟ್ಟಿದ್ದೆ.

ಚರ್ಚಿನ ತಿರುವಿನಲ್ಲಿ ತಾನೇ ಅಂದಳು:
"ಸಿಂದ್ರೆ ಇನ್ನೂ ಅಲ್ಲೇ ಇದ್ದಾನೆ, ಅಪ್ಪಾ.
ಅವರ ಮನೆಯಲ್ಲಿ
ನಿಜವಾಗಿಯೂ ನಾಯಿ ಇದೆ."

ಗಾಡಿ ತಿರುಗಿಸಿದೆ.