ಹೊಟ್ಟೆಗೆ ಹಾಕಿಕೊಂಡದ್ದು

ಇಪ್ಪತ್ತಾರು ವರ್ಷ ಡುಲೂತಿನ ಶಾಲೆಯೊಂದರ ಅಡುಗೆಮನೆಯಲ್ಲಿ
ದಿನಕ್ಕೆ ಮುನ್ನೂರು ತಟ್ಟೆಗೆ ಬಡಿಸಿದವಳು ಆರ್ಡಿಸ್ ಕ್ವಾಮಿ.
ಈಗ ಅವಳು ತಿಂದ ಮಂಗಳವಾರದ ಬಟಾಣಿ
ಗುರುವಾರ ಬೆಳಿಗ್ಗೆ ಸಿಂಕಿನಲ್ಲಿ, ಇಡಿಯಾಗಿ,
ಹಸಿರು ಕೂಡ ಮಾಸದೆ.

ಮೊದಲ ಡಾಕ್ಟರು ಅಂದರು: ನಿಧಾನ ತಿನ್ನಿ.
ಎರಡನೆಯವರು: ಗಂಡ ತೀರಿಕೊಂಡು ಎಷ್ಟಾಯಿತು?
ಮೂರನೆಯವರು ತಲೆಗೆ ಮಾತ್ರೆ ಬರೆದರು.
(ಹೊಟ್ಟೆಯ ದೂರನ್ನು ತಲೆಗೆ ವರ್ಗ ಮಾಡುವುದು
ಎಲ್ಲ ಕಚೇರಿಗಳ ಹಳೆಯ ಪದ್ಧತಿ.)

ಆಮೇಲೆ ಮೊಟ್ಟೆಯ ಪರೀಕ್ಷೆ.
ಚಿಟಿಕೆ ವಿಕಿರಣ ಬೆರೆಸಿದ ಮೊಟ್ಟೆ, ಒಣ ಟೋಸ್ಟು, ಜಾಮು.
ಉಪ್ಪು ಕಡಿಮೆ, ಅಂದಳು ಆರ್ಡಿಸ್, ಅಭ್ಯಾಸಬಲದಿಂದ.
ಒಂದು ಗಂಟೆ, ಎರಡು, ನಾಲ್ಕು.
ಪರದೆಯ ಮೇಲೆ ಮೊಟ್ಟೆ ಹೊಳೆಯುತ್ತಲೇ ಇತ್ತು
ಕೊನೆಯ ಬಸ್ಸು ಹೋದ ಮೇಲೂ ನಿಲ್ದಾಣದಲ್ಲಿ ಕೂತವರ ಹಾಗೆ.

ತಡವೆಂದು ತಿಳಿಯಿತು. ಯಾಕೆಂದು ತಿಳಿಯಲಿಲ್ಲ.
ಯಾಕೆ ಎನ್ನುವುದು ಗೋಡೆಯೊಳಗಿತ್ತು,
ಒಳಪೊರೆಯಾಚೆ, ಸ್ನಾಯುವಿನ ಎರಡು ಮಡಿಕೆಗಳ ನಡುವೆ.
ಹಿಂದಾದರೆ ಅಲ್ಲಿಗೆ ಹೋಗಲು ಹೊಟ್ಟೆ ಸೀಳಬೇಕಿತ್ತು:
ಕಾರಣ ಕೇಳಲು ಹೋದವಳಿಗೆ ಗೇಣುದ್ದ ಹೊಲಿಗೆ.

ರಾಚೆಸ್ಟರ್. ಫೆಬ್ರವರಿ. ಹೊರಗೆ ಮೈನಸ್ ಇಪ್ಪತ್ತೆರಡು.
ನರ್ಸ್ ಉಬಾಹ್ ಕೇಳಿದಳು, ಏನೂ ತಿಂದಿಲ್ಲ ತಾನೆ?
ತಿಂದಿಲ್ಲ. ಭಾನುವಾರದ್ದು ಏನು ಉಳಿದಿದೆಯೋ ಹೇಳಲಾರೆ.

ತುತ್ತು ಇಳಿಯುವ ದಾರಿಯಲ್ಲೇ ನಳಿಕೆ ಇಳಿಯಿತು,
ತುದಿಯಲ್ಲಿ ಪುಟ್ಟ ದೀಪ.
ಗೋಡೆಯನ್ನು ಚಿವುಟಿ ಎಳೆದು, ಮೊದಲು ಬುಡಕ್ಕೆ ಕ್ಲಿಪ್ಪು ಬಿಗಿದು
ಮೇಲಿನದನ್ನು ಕತ್ತರಿಸಿಕೊಂಡರು,
ಕರ್ಜಿಕಾಯಿಯ ಅಂಚು ಒತ್ತಿ
ಹೆಚ್ಚಾದ ಕಣಕ ಕೊಯ್ದ ಹಾಗೆ.
ಹೊರಬಂದದ್ದು ಬಟಾಣಿಯಷ್ಟು.
ಹೌದು, ಬಟಾಣಿಯಷ್ಟೇ.

ಕೆಳಮಹಡಿಯ ಲ್ಯಾಬಿನಲ್ಲಿ ಪಾ ಹುವಾ ವಾಂಗ್
ಅದನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು,
ಕಂದು ಬಣ್ಣ ಕುಡಿಸಿ ಎಣಿಸಲು ಕೂತಳು
ತಾಳ ಹಾಕುವ ಕೋಶಗಳನ್ನು.
ನಿಮಿಷಕ್ಕೆ ಮೂರು ಅಲೆ, ಮೂರೇ,
ಎಂದು ಹೊಟ್ಟೆಗೆ ಲೆಕ್ಕ ತಪ್ಪದಂತೆ ನೋಡಿಕೊಳ್ಳುವವು.
ಗುಂಪಾಗಿರಬೇಕಾದಲ್ಲಿ ಒಂದೆರಡು. ಅವೂ ಕೈಕಾಲು ಮುದುಡಿ.
ಮತ್ತೆ ಎಣಿಸಿದಳು.
ಊಟ ಮುಗಿಸಿ ಬಂದು ಮೂರನೆಯ ಸಲ.

ವರದಿಯನ್ನು ಆರ್ಡಿಸ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು,
ಹಿಂದೆ ಶಾಲೆಯ ಮೆನು ಹಿಡಿದಿಡುತ್ತಿದ್ದ ಅದೇ ಆಯಸ್ಕಾಂತದಿಂದ.
ಇದಕ್ಕೆ ಸರಿಯಾದ ಮದ್ದು ಇನ್ನೂ ಇಲ್ಲ,
ಅಂದಿದ್ದರು ಡಾಕ್ಟರು, ಮುಚ್ಚುಮರೆಯಿಲ್ಲದೆ.

ಎಲ್ಲರ ಮಾತನ್ನೂ ಹೊಟ್ಟೆಗೆ ಹಾಕಿಕೊಂಡವಳು ಅವಳು.
ನಾಟಕ ಅಂದ ನಾದಿನಿಯದನ್ನು,
ಇಳಿದಿದ್ದೀ, ಚೆಂದ ಕಾಣುತ್ತೀ, ಅಂದ ಚರ್ಚಿನವರದನ್ನು,
ತಲೆಗೆ ಮಾತ್ರೆ ಬರೆದ ಆ ಮೂರನೆಯವರದನ್ನು.
ಯಾವುದೂ ಕರಗಿರಲಿಲ್ಲ.

ಆ ಸಂಜೆ ಅರ್ಧ ಬಟ್ಟಲು ಸೂಪು ಕುಡಿದು
ಮೂರನೆಯವರಿಗೆ ಫೋನ್ ಮಾಡಿದಳು.
ಅತ್ತ ರಿಂಗಾಗುತ್ತಲೇ ಇತ್ತು.
ಕಿಟಕಿಯಾಚೆ ಹಿಮ ತಳ್ಳುವ ಲಾರಿ
ಬೀದಿಯ ಒಂದು ಮಗ್ಗುಲನ್ನಷ್ಟೇ ತೆರವು ಮಾಡಿ
ಮುಂದೆ ಹೋಯಿತು.